ರೈನ್ ದಂಡೆಯ ಸುಂಕದ ಕಟ್ಟೆಗಳು

ಮಕ್ಕಳುಮರಿ ಕಟ್ಟಿಕೊಂಡು ಜರ್ಮನಿಯ ರೈನ್ ನದಿಯ ಕೋಟೆಗಳನ್ನು ನೋಡಲು ಹೊರಟವರ ತಲೆಯಲ್ಲಿ ಒಂದು ಚಿತ್ರ ಮೊದಲೇ ಸಿದ್ಧವಾಗಿರುತ್ತದೆ: ಉಕ್ಕಿನ ಕವಚ ತೊಟ್ಟ ವೀರ, ಗೋಪುರದ ಕಿಟಕಿಯಲ್ಲಿ ರಾಜಕುಮಾರಿ, ಕೆಳಗೆ ಮುತ್ತಿಗೆ ಹಾಕಿದ ಶತ್ರು. ಬಿಂಗೆನ್‌ನಿಂದ ಕೊಬ್ಲೆಂಜ್‌ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆಯಲ್ಲಿ ನಲವತ್ತರಷ್ಟು ಕೋಟೆಗಳಿವೆ. 2002ರಲ್ಲಿ ಯುನೆಸ್ಕೊ ಇಡೀ ಕಣಿವೆಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿ ಹಡಗಿನ ಮೇಲಟ್ಟದಲ್ಲಿ ಕೂತರೆ ಎಡಕ್ಕೊಂದು ಬಲಕ್ಕೊಂದು ಬರುತ್ತಲೇ ಇರುತ್ತವೆ. ಐದನೆಯದರ ಹೊತ್ತಿಗೆ ಮಕ್ಕಳಿಗೆ ಐಸ್‌ಕ್ರೀಮ್ ಬೇಕಾಗುತ್ತದೆ, ಎಂಟನೆಯದರ ಹೊತ್ತಿಗೆ ಅಪ್ಪನ ಮೊಬೈಲು ಜೇಬು ಸೇರಿರುತ್ತದೆ. ಇದರಲ್ಲಿ ಮಕ್ಕಳ ತಪ್ಪೇನಿಲ್ಲ. ವೀರರ ಕತೆ ಹುಡುಕುತ್ತ ನೋಡಿದರೆ ಕೋಟೆಗಳೆಲ್ಲ ಒಂದೇ ಥರ ಕಾಣುತ್ತವೆ. ಅವನ್ನು ಸುಂಕದ ಕಟ್ಟೆಗಳೆಂದುಕೊಂಡು ನೋಡಬೇಕು ಎನ್ನುವುದು ನನ್ನ ವಾದ. ಆಗ ಯಾವುದು ಎಲ್ಲಿ ನಿಂತಿದೆ, ಯಾಕೆ ಅಲ್ಲೇ ನಿಂತಿದೆ ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೋಟೆಗಿಂತ ಮೊದಲು ನದಿಯನ್ನೇ ನೋಡಿ. ಅಲ್ಲಿಯವರೆಗೆ ಆರಾಮಾಗಿ ಅಗಲಕ್ಕೆ ಹರಿಯುತ್ತಿದ್ದ ರೈನ್, ಬಿಂಗೆನ್ ದಾಟುತ್ತಿದ್ದಂತೆ ಪದರುಗಲ್ಲಿನ ಬೆಟ್ಟಗಳ ನಡುವೆ ಇರುಕಿಕೊಳ್ಳುತ್ತದೆ. ಮಧ್ಯಯುಗದಲ್ಲಿ ಕೊಲೋನ್ ಕಡೆಗೆ ವೈನ್ ಪೀಪಾಯಿ ಸಾಗಿಸುವ ವ್ಯಾಪಾರಿಗೆ ಇಷ್ಟು ಸಲೀಸಾದ ಬೇರೆ ದಾರಿ ಇರಲಿಲ್ಲ. ಹೊಳೆಗೆ ಎದುರಾಗಿ ಬರುವ ದೋಣಿಗಳನ್ನಂತೂ ದಡದ ಮೇಲಿನ ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಅಂಥ ದೋಣಿ ತಪ್ಪಿಸಿಕೊಂಡು ಓಡುವ ಮಾತೇ ಇಲ್ಲ. ಈ ಜಾಗದಲ್ಲಿ ಒಂದು ಗೋಪುರ, ನಾಲ್ಕು ಜನ ಆಳು, ಒಬ್ಬ ಲೆಕ್ಕ ಬರೆಯುವವ ಇದ್ದರೆ ಆಯಿತು, ಉಳದೆ ಬಿತ್ತದೆ ಬೆಳೆ ಬಂದ ಹಾಗೆ. ಹೆಚ್ಚಿನ ಕೋಟೆಗಳು ಬೆಟ್ಟದ ನೆತ್ತಿ ಬಿಟ್ಟು ನೀರಿನ ಮೇಲೆ ಕಣ್ಣಿಡಬಹುದಾದ ನಡುಮಟ್ಟದ ಚಾಚುಗಳ ಮೇಲೆ ನಿಂತಿರುವುದು ಇದಕ್ಕೇ. ಯುದ್ಧವೊಂದೇ ಉದ್ದೇಶವಾಗಿದ್ದರೆ ಇನ್ನೂ ಮೇಲೆ ಹೋಗಬಹುದಿತ್ತು.

ನಂಬಿಕೆ ಬಾರದವರು ಕೌಬ್ ಎಂಬ ಸಣ್ಣ ಊರಿನ ಮುಂದೆ, ನದಿಯ ನಟ್ಟನಡುವೆ ಬಂಡೆಯ ಮೇಲೆ ಕೂತಿರುವ ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್ ಕೋಟೆಯನ್ನು ನೋಡಬೇಕು. 1326ರ ಸುಮಾರಿಗೆ ಜರ್ಮನಿಯ ದೊರೆ, ಬವೇರಿಯದ ಲುಡ್‌ವಿಗ್ ಇಲ್ಲಿ ಐದು ಮೂಲೆಯ ಗೋಪುರವೊಂದನ್ನು ಎಬ್ಬಿಸಿದ. ಸ್ವಲ್ಪ ಕಾಲದಲ್ಲೇ ಅದರ ಸುತ್ತ ಆರು ಮೂಲೆಯ ಗೋಡೆಯೂ ಬಂತು. ಊರಿನ ಹಿಂದಿನ ಬೆಟ್ಟದ ಮೇಲೆ ಗುಟೆನ್‌ಫೆಲ್ಸ್ ಕೋಟೆ, ಕೆಳಗೆ ಕೌಬ್ ಊರಿನ ಗೋಡೆ, ನೀರಿನ ನಡುವೆ ಇದು. ಮೂರರ ನಡುವೆ ಸಿಕ್ಕ ದೋಣಿಯವನು ಚೀಲ ಬಿಚ್ಚದೆ ವಿಧಿಯಿರಲಿಲ್ಲ. ನದಿ ಹರಿಯುವ ದಿಕ್ಕಿನಲ್ಲೇ ಬಂದರೆ ಗೋಡೆಯ ಚೂಪು ಮೂತಿ ನಿಮ್ಮ ಕಡೆಗೇ ತಿರುಗಿರುತ್ತದೆ, ನೆರೆಯನ್ನೂ ತೇಲಿ ಬರುವ ಮಂಜುಗಡ್ಡೆಯನ್ನೂ ಸೀಳಲೆಂದು. ಬಾಗಿಲಿಗೆ ಮೇಲಿನಿಂದ ಇಳಿಬಿಡುವ ಜಾಲರಿ ಕದ. ಒಳಗೆ ದರ್ಬಾರು, ವೈಭವ ಹುಡುಕಿದರೆ ನಿರಾಸೆ ಖಂಡಿತ: ಇಕ್ಕಟ್ಟು ಅಂಗಳ, ಗೋಡೆಗುಂಟ ಮರದ ಪಡಸಾಲೆ, ಸಣ್ಣ ಸಣ್ಣ ಕಂಡಿಗಳು. ಇದು ಕಚೇರಿಯಲ್ಲದೆ ಬೇರೇನೂ ಅಲ್ಲ. 1327ರಲ್ಲಿ ಪೋಪ್ 22ನೇ ಜಾನ್ ಈ ಗೋಪುರವನ್ನು ಖಂಡಿಸಿ ಪತ್ರ ಬರೆದ. ಅದೇ ನದಿಯಲ್ಲಿ ಮೈಂಟ್ಸ್, ಟ್ರಿಯರ್, ಕೊಲೋನ್‌ಗಳ ಆರ್ಚ್‌ಬಿಷಪ್ಪರೂ ಸುಂಕ ಎತ್ತುತ್ತಿದ್ದರು ಎಂಬುದನ್ನು ನೆನೆದರೆ ಆ ಧರ್ಮಕೋಪ ಕೊಂಚ ತಮಾಷೆಯಾಗಿಯೇ ಕಾಣುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮವರು ಅಂದದ್ದು ಪೋಪನಿಗೂ ಸಲ್ಲುತ್ತದೆ: 1866ರಲ್ಲಿ ಆ ಸೀಮೆಯನ್ನು ಪ್ರಶ್ಯ ನುಂಗುವ ತನಕ ಕೌಬ್‌ನಲ್ಲಿ ವಸೂಲಿ ನಡೆದೇ ಇತ್ತು. ಎರಡು ವರ್ಷದ ಮೇಲೆ, 1868ರ ಮಾನ್‌ಹೈಮ್ ಒಪ್ಪಂದ ರೈನ್ ನೌಕಾಯಾನದ ಸುಂಕಗಳಿಗೆಲ್ಲ ಮಂಗಳ ಹಾಡಿತು.

ಹಾಗಾದರೆ ಇಲ್ಲಿ ಯುದ್ಧವೇ ಆಗಲಿಲ್ಲವೇ ಎಂದು ಕೇಳಬಹುದು. ಆಯಿತು, ಧಾರಾಳವಾಗಿ ಆಯಿತು. ಆದರೆ ಯಾಕಾಯಿತು? ಕಾಟ್ಸೆನೆಲ್ನ್‌ಬೋಗೆನ್ ಮನೆತನದ ಡೀಟರ್ 1245ರಲ್ಲಿ ಸಾಂಕ್ಟ್ ಗೋವಾರ್ ಊರಿನ ಮೇಲೆ ರೈನ್‌ಫೆಲ್ಸ್ ಕೋಟೆ ಕಟ್ಟಿಸಿ, ಹತ್ತು ವರ್ಷದಲ್ಲಿ ಸುಂಕ ಏರಿಸಿದ. ರೊಚ್ಚಿಗೆದ್ದ ರೈನ್ ನಗರಗಳ ಒಕ್ಕೂಟ ದಂಡು ಕಟ್ಟಿಕೊಂಡು ಬಂದು ವರ್ಷಕ್ಕೂ ಮೀರಿ ಮುತ್ತಿಗೆ ಹಾಕಿತು, ಕೋಟೆ ಬಗ್ಗಲಿಲ್ಲ. ವರ್ತಕರು ದರ ಏರಿಕೆ ವಿರೋಧಿಸಿ ಸೈನ್ಯ ಸಮೇತ ಬಂದ ಈ ಪ್ರಸಂಗ ನನಗೆ ಯಾವ ರಾಜಕುಮಾರಿಯ ಕತೆಗಿಂತಲೂ ರುಚಿಯಾಗಿ ಕಾಣುತ್ತದೆ. ರೈಖೆನ್‌ಸ್ಟೈನ್ ಕೋಟೆಯದು ಇನ್ನೊಂದು ಬಗೆ. ದರೋಡೆಕೋರರ ಕೊಂಪೆಯೆಂದು 1282ರಲ್ಲಿ ಜರ್ಮನಿಯ ದೊರೆ, ಹಾಬ್ಸ್‌ಬುರ್ಗಿನ ರುಡಾಲ್ಫ್ ಅದನ್ನು ಕೆಡವಿಸಿದ. ದೋಣಿ ತಡೆದು ಹಣ ಕೀಳುವ ಕೆಲಸ ಇಬ್ಬರದೂ ಒಂದೇ. ಚಕ್ರವರ್ತಿಯ ಅಪ್ಪಣೆ ಇದ್ದವನು ಸುಂಕದವ, ಇಲ್ಲದವನು ಕಳ್ಳ.

ಇತಿಹಾಸ ಬಲ್ಲವರು ಎತ್ತುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎಲ್ಲ ಕೋಟೆಯೂ ಸುಂಕಕ್ಕೆಂದು ಹುಟ್ಟಿದ್ದಲ್ಲ. ಇದೇ ರೈಖೆನ್‌ಸ್ಟೈನ್ ಮೊದಲಿಗೆ ಮಠವೊಂದರ ಜಮೀನು ಕಾಯುವುದಕ್ಕಿದ್ದದ್ದು. ಒಪ್ಪತಕ್ಕ ಮಾತೇ. ಆದರೆ ಹುಟ್ಟು ಯಾವುದಕ್ಕಾದರೂ ಇರಲಿ, ಹೊಟ್ಟೆ ತುಂಬಿದ್ದು ಹೊಳೆಯಿಂದ. ಬಿಂಗೆನ್ ಬಳಿಯ ಇಲಿಗೋಪುರದಲ್ಲಿ ದುಷ್ಟ ಬಿಷಪ್ ಹಾಟೋನನ್ನು ಇಲಿಗಳು ತಿಂದವೆಂಬ ಕತೆ ಜಗತ್ತಿಗೆಲ್ಲ ಗೊತ್ತು. ಎದುರು ದಡದ ಎರೆನ್‌ಫೆಲ್ಸ್ ಕೋಟೆಯ ಸುಂಕ ವಸೂಲಿಗೆ ಅದು ಕಾವಲು ಗೋಪುರವಾಗಿತ್ತೆಂಬುದನ್ನು ಕೇಳುವವರು ಕಡಿಮೆ. ಕತೆ ಬೇಡವೆನ್ನುತ್ತಿಲ್ಲ. ಮಕ್ಕಳಿಗೆ ಇಲಿಯ ಕತೆ ಮೊದಲು ಹೇಳಿ, ಸುಂಕದ ಲೆಕ್ಕ ಆಮೇಲೆ ಹೇಳಿದರಾಯಿತು.

ಇನ್ನೊಂದು ತಕರಾರು: ಈಗ ಕಾಣುವ ಕೋಟೆಗಳಲ್ಲಿ ಎಷ್ಟೋ ನಿಜಕ್ಕೂ ಮಧ್ಯಯುಗದವಲ್ಲ, ಹತ್ತೊಂಬತ್ತನೆಯ ಶತಮಾನದ ಮರುಸೃಷ್ಟಿಗಳು. ಇದೂ ದಿಟ, ಮತ್ತು ನನ್ನ ವಾದಕ್ಕೆ ಇದರಿಂದ ಬಲವೇ ಬರುತ್ತದೆ. ಟ್ರಿಯರ್ ಆರ್ಚ್‌ಬಿಷಪ್ಪರ ಶ್ಟೋಲ್ಟ್ಸೆನ್‌ಫೆಲ್ಸ್ ಕೋಟೆಯನ್ನು ಫ್ರೆಂಚರು 1689ರಲ್ಲಿ ಹಾಳುಗೆಡವಿದರು. 1823ರಲ್ಲಿ ಕೊಬ್ಲೆಂಜ್ ನಗರ ಆ ಪಾಳುಗೋಡೆಗಳನ್ನು ಪ್ರಶ್ಯದ ಯುವರಾಜನಿಗೆ ಉಡುಗೊರೆಯಾಗಿ ಕೊಟ್ಟಿತು. ವಾಸ್ತುಶಿಲ್ಪಿ ಶಿಂಕೆಲ್ ನಕ್ಷೆ ಹಾಕಿದ. 1842ರಲ್ಲಿ ಹೊಸ ಅರಮನೆಗೆ ರಾಜಪ್ರವೇಶವಾಯಿತು. ನದಿಯ ಹಣ ಬೇಕಿಲ್ಲದವನಿಗಷ್ಟೇ ನದಿ ನೋಟವಾಗಿ ಒದಗುತ್ತದೆ. ಮಕ್ಕಳಿಗೆ ಒಂದು ಆಟ ಹೇಳಿಕೊಡಿ, ಹೊಳೆಯ ಕಡೆಗಿನ ಕಿಟಕಿ ನೋಡುವುದು: ಕೈತೂರುವಷ್ಟು ಕಂಡಿಯಿದ್ದರೆ ಕಾವಲಿನವನದು, ದೊಡ್ಡ ಕಿಟಕಿಯೋ ಬಿಸಿಲು ಕಾಯಿಸುವ ಜಗಲಿಯೋ ಇದ್ದರೆ ಬಹುಮಟ್ಟಿಗೆ ಆಮೇಲಿನ ದೊರೆಗಳದು. ಹಡಗು ದಡ ಮುಟ್ಟುವವರೆಗೂ ಐಸ್‌ಕ್ರೀಮ್ ನೆನಪಾಗಲಿಕ್ಕಿಲ್ಲ.

ಅಷ್ಟಾಗಿ, ಕಣಿವೆಯ ಎಲ್ಲ ಕೋಟೆಗೂ ಹತ್ತಬೇಕಾಗಿಲ್ಲ. ಒಂದೇ ದಿನ ಕೈಯಲ್ಲಿದ್ದರೆ ಎರಡು ಸಾಕು: ಕೌಬ್‌ನ ನಡುನೀರಿನ ಕೋಟೆ, ಬ್ರೌಬಾಖ್‌ನ ಮಾರ್ಕ್ಸ್‌ಬುರ್ಗ್. ಎರಡೂ ಬಲದಂಡೆಯ ರೈಲು ದಾರಿಯಲ್ಲೇ ಸಿಗುತ್ತವೆ. ಕೌಬ್‌ನ ದೋಣಿ ನೆರೆ ಬಂದಾಗ ಓಡುವುದಿಲ್ಲ, ವಿಚಾರಿಸಿಕೊಂಡು ಹೊರಡಿ. ಈ ಕಣಿವೆಯ ಬೆಟ್ಟದ ಕೋಟೆಗಳಲ್ಲಿ ಒಮ್ಮೆಯೂ ನಾಶವಾಗದೆ ಉಳಿದದ್ದು ಮಾರ್ಕ್ಸ್‌ಬುರ್ಗ್ ಒಂದೇ. 1283ರಲ್ಲಿ ಅದು ರೈನ್‌ಫೆಲ್ಸ್‌ನ ಅದೇ ಕಾಟ್ಸೆನೆಲ್ನ್‌ಬೋಗೆನ್ ಮನೆತನದ ಕೈಸೇರಿತು, ಎಂದರೆ ಸುಂಕದ ದುಡ್ಡಿನಲ್ಲಿ ಬದುಕಿದವರ ಮನೆ. ಬಂಡೆಯಲ್ಲೇ ಕಡಿದ ಕುದುರೆಮೆಟ್ಟಿಲು, ಆಳು ನಿಲ್ಲುವಷ್ಟು ದೊಡ್ಡ ಒಲೆಗೂಡು, ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಪಾಯಿಖಾನೆ, ಎಲ್ಲ ಇದೆ. ಮಕ್ಕಳು ಹೆಚ್ಚು ಪ್ರಶ್ನೆ ಕೇಳುವುದು ಕೊನೆಯದರ ಬಗ್ಗೆ. ಅಲ್ಲಿಂದ ಎದುರು ದಡಕ್ಕೆ ಹೋಗುವ ಮನಸ್ಸಾದರೆ ಚಿಲ್ಲರೆ ಇಟ್ಟುಕೊಳ್ಳಿ: ಕೊಬ್ಲೆಂಜ್ ಬಿಟ್ಟರೆ ಮೈಂಟ್ಸ್ ಸೇರುವವರೆಗೆ ರೈನ್‌ಗೆ ಇಂದಿಗೂ ಒಂದು ಸೇತುವೆಯಿಲ್ಲ, ಕಾರಾದರೂ ಸೈಕಲ್ಲಾದರೂ ಕಡವಿನಲ್ಲಿ ದುಡ್ಡು ಕೊಟ್ಟೇ ದಾಟಬೇಕು.