ತೊಳೆದಷ್ಟೂ ತೀರದ ಸಂಶಯ

ಬೀಗ ಹಾಕಿ ನಾಲ್ಕು ಹೆಜ್ಜೆ ಹೋದ ಮೇಲೆ ತಿರುಗಿ ಬಂದು ಎಳೆದು ನೋಡುವ ಅಭ್ಯಾಸ ನಿಮಗೂ ಇರಬಹುದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮಲಗಿದಲ್ಲಿಂದ ಎದ್ದು ಹೋಗುವವರೂ ಇದ್ದಾರೆ. ಒಮ್ಮೆ ನೋಡಿದರೆ ಸಮಾಧಾನವಾಗುತ್ತದೆ, ನಿದ್ದೆ ಬರುತ್ತದೆ. ಇದು ಕಾಯಿಲೆಯಲ್ಲ. ಆದರೆ ಹತ್ತು ಸಲ ನೋಡಿದರೂ ಸಮಾಧಾನವಾಗದಿದ್ದರೆ, ನೋಡದೆ ಇರಲು ಆಗದಿದ್ದರೆ, ಅದರಲ್ಲೇ ದಿನದ ಗಂಟೆಗಳು ಕಳೆದುಹೋಗುತ್ತಿದ್ದರೆ ಅದನ್ನು ವೈದ್ಯರು ಗೀಳು ರೋಗ, ಅಂದರೆ ಓಸಿಡಿ ಎನ್ನುತ್ತಾರೆ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಬಾಳಿನ ಯಾವುದಾದರೊಂದು ಹಂತದಲ್ಲಿ ಇದು ಬರುತ್ತದೆ. ಆ ಒಬ್ಬಿಬ್ಬರಲ್ಲಿ ನಾನೂ ಒಬ್ಬಳು.

ನನ್ನ ಮನೆ ತಂಬ್ರಹಳ್ಳಿಯಲ್ಲಿ. ಎರಡನೇ ಮಗು ಹುಟ್ಟಿದ ಕೆಲವು ತಿಂಗಳಲ್ಲಿ ಈ ಕಾಯಿಲೆ ನನ್ನ ವುಝೂವಿನೊಳಗೆ ಬಂದು ಕುಳಿತಿತು. ಮೊಣಕೈ ಒದ್ದೆಯಾಯಿತೋ ಇಲ್ಲವೋ? ಮೊದಲಿನಿಂದ ಮಾಡು. ತಲೆ ಸವರಿದೆನೋ ಇಲ್ಲವೋ? ಮತ್ತೆ ಮಾಡು. ಝುಹರ್‌ಗೆಂದು ಬಚ್ಚಲಿಗೆ ಹೋದವಳು ಹೊರಬರುವಾಗ ಅಸರ್‌ನ ಅಝಾನ್ ಕೇಳಿಸಿದ ದಿನಗಳಿವೆ. ಬೆರಳ ಸಂದುಗಳು ಬಿರಿದು ರಕ್ತ ಜಿನುಗುತ್ತಿತ್ತು. ಹೊರಗೆ ಅತ್ತೆ, "ಯಾಕಮ್ಮಾ, ಇನ್ನೂ ಆಗ್ಲಿಲ್ಲೇನು? ಮಗು ಅಳಾಕತ್ತೈತಿ" ಎನ್ನುತ್ತಿದ್ದರು. ಒಳಗೆ ನಾನೂ ಅಳುತ್ತಿದ್ದೆ.

ಬಚ್ಚಲಿನಿಂದ ಅದು ಅಡುಗೆಮನೆಗೂ ಬಂತು. ಅಕ್ಕಿಯನ್ನು ಏಳೆಂಟು ಸಲ ತೊಳೆಯುತ್ತಿದ್ದೆ. ಬೇರೆಯವರು ಬಡಿದ ರೊಟ್ಟಿ, ಬೇರೆಯವರು ಹಚ್ಚಿದ ತರಕಾರಿ ನನಗೆ ನಾಪಾಕ್ ಎನಿಸುತ್ತಿತ್ತು. ಶೌಚಕ್ಕೆ ಹೋದರೆ ಮತ್ತೆ ತೊಳೆಯಬೇಕಲ್ಲ ಎಂದು ನೀರು ಕುಡಿಯುವುದು ಕಡಿಮೆಯಾಯಿತು. ಹಾಲುಣಿಸುವ ತಾಯಿ ಇಡೀ ದಿನ ಚಹಾ ಮತ್ತು ಬಿಸ್ಕತ್ತಿನಲ್ಲಿ ಕಳೆದರೆ ಮೈಯಲ್ಲಿ ಏನು ಉಳಿದೀತು?

ಇಂಥ ಹೊತ್ತಿನಲ್ಲಿ ಬಂಧು ಬಳಗದವರು ಆಡುವ ಮಾತುಗಳು ನಿಮಗೆ ಗೊತ್ತಿರುವಂಥವೇ. ಯಾರೋ ಜಿನ್ ಎಂದರು, ಯಾರೋ ಮಾಟ ಎಂದರು. ಇನ್ನು ಕೆಲವರು, "ಎಂಥ ದೀನ್‌ದಾರ್ ಸೊಸೆ, ಪಾಕಿ ಎಂದರೆ ಇವಳದು" ಎಂದು ಹೊಗಳಿದರು. ಆ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತಿತ್ತು. ಏಕೆಂದರೆ ನಾನು ಮಾಡುತ್ತಿದ್ದುದು ಇಬಾದತ್ ಆಗಿರಲಿಲ್ಲ, ಬರೀ ಭಯವಾಗಿತ್ತು.

ನಮ್ಮ ಧರ್ಮದಲ್ಲಿ ಇದಕ್ಕೆ ಹಿಂದಿನಿಂದಲೂ ಒಂದು ಹೆಸರಿದೆ, ವಸ್‌ವಾಸ್. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿನೊಳಗಿನ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಖಚಿತವಾದದ್ದು ಬರೀ ಸಂಶಯದಿಂದ ರದ್ದಾಗುವುದಿಲ್ಲ ಎಂಬುದು ಫಿಕ್ಹ್‌ನ ಮೂಲ ನಿಯಮಗಳಲ್ಲೊಂದು. ವಸ್‌ವಾಸ್ ಇರುವವರು ಸಂಶಯಕ್ಕೆ ಬೆಲೆ ಕೊಡದೆ ಮುಂದೆ ಸಾಗಬೇಕೆಂದೇ ವಿದ್ವಾಂಸರು ಹೇಳಿದ್ದಾರೆ. ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ಕ್ರಿ.ಶ. 934ರಲ್ಲಿ ತೀರಿಕೊಂಡವರು. ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗೆಗೂ ಒಂದೇ ಗ್ರಂಥ ಬರೆದರು. ಮೊದಲ ಭಾಗದಲ್ಲಿ ಊಟ, ನೀರು, ನಿದ್ದೆಯ ವಿಚಾರ. ಎರಡನೆಯದರಲ್ಲಿ ಸಿಟ್ಟು, ಭಯ, ದುಃಖ ಮತ್ತು ಬಿಡದೆ ಕಾಡುವ ವಸ್‌ವಾಸ್. ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ ಎಂಬುದು ಅವರ ವಾದ. ಇಂದು ನನಗೆ ಸಿಕ್ಕ ಚಿಕಿತ್ಸೆಯೂ ಹೆಚ್ಚುಕಡಿಮೆ ಇದೇ ದಾರಿಯದು.

ಪತಿ ನನ್ನನ್ನು ಬಳ್ಳಾರಿಯ ಒಬ್ಬ ಮನೋವೈದ್ಯೆಯ ಬಳಿ ಕರೆದೊಯ್ದರು. ಅವರು ಮೊದಲು ನನ್ನ ಮಾತು ಕೇಳಿದರು, ನಂತರ ರಕ್ತ ಪರೀಕ್ಷೆ ಬರೆದುಕೊಟ್ಟರು. ಹಿಮೋಗ್ಲೋಬಿನ್ ಮತ್ತು ಬಿ12 ಎರಡೂ ಕಡಿಮೆ ಇದ್ದವು. "ನಿಮ್ಮ ಗೀಳಿಗೆ ಊಟ ಔಷಧಿಯಲ್ಲ. ಆದರೆ ಹೊಟ್ಟೆಗಿಲ್ಲದವರು ಈ ಚಿಕಿತ್ಸೆಯ ಕಷ್ಟವನ್ನು ತಡೆದುಕೊಳ್ಳಲಾರರು. ಎರಡೂ ಜೊತೆಜೊತೆಗೇ ನಡೆಯಲಿ" ಎಂದರು. ಒಂದು ಮಾತ್ರೆಯನ್ನೂ ಕೊಟ್ಟು, ಅದು ಪೂರ್ತಿ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು, ನಡುವೆ ನೀವಾಗಿಯೇ ನಿಲ್ಲಿಸಬೇಡಿ ಎಂದು ಎಚ್ಚರಿಸಿದರು.

ಮನಸ್ಸಿನ ಚಿಕಿತ್ಸೆ ಎಂದರೆ ಉಪದೇಶ ಎಂದು ನಾನು ತಿಳಿದಿದ್ದೆ. ಅದು ಉಪದೇಶವಲ್ಲ, ಕಸರತ್ತು. ಭಯ ಹುಟ್ಟಿಸುವ ವಸ್ತುವನ್ನು ಬೇಕೆಂದೇ ಎದುರಿಸಬೇಕು, ಆಮೇಲೆ ತೊಳೆಯದೆ ತಡೆದುಕೊಳ್ಳಬೇಕು. ಲಂಡನ್‌ನಲ್ಲಿ ವಿಕ್ಟರ್ ಮೇಯರ್ ಎಂಬವರು 1966ರಲ್ಲಿ ಇಂಥ ಚಿಕಿತ್ಸೆಯ ಫಲವನ್ನು ಪ್ರಕಟಿಸಿದರು. ಇಂದು ಗೀಳು ರೋಗಕ್ಕೆ ಮುಖ್ಯವಾದ ಮಾತಿನ ಚಿಕಿತ್ಸೆ ಇದೇ. ನನ್ನ ಭಯಗಳನ್ನೆಲ್ಲ ಬರೆಸಿ, ಒಂದೊಂದಕ್ಕೂ ನೂರರಲ್ಲಿ ಇಷ್ಟು ಎಂದು ಅಂಕ ಹಾಕಿಸಿದರು. ಬಾಗಿಲ ಚಿಲಕ ಮುಟ್ಟಿ ಕೈ ತೊಳೆಯದಿರುವುದಕ್ಕೆ 30. ಅತ್ತೆ ಬಡಿದ ರೊಟ್ಟಿ ತಿನ್ನುವುದಕ್ಕೆ 60. ಒಂದೇ ಚೊಂಬು ನೀರಿನಲ್ಲಿ ವುಝೂ ಮುಗಿಸಿ ನಮಾಝಿಗೆ ನಿಲ್ಲುವುದಕ್ಕೆ 95. ಕೆಳಗಿನ ಮೆಟ್ಟಿಲಿನಿಂದ ಹತ್ತಲು ಆರಂಭಿಸಿದೆವು.

ಚಿಲಕ ಮುಟ್ಟಿ ಕುಳಿತ ಮೊದಲ ದಿನ ಎದೆ ಹೊಡೆದುಕೊಂಡಿತು, ಬೆವರು ಸುರಿಯಿತು. ಸುಮಾರು ಮುಕ್ಕಾಲು ಗಂಟೆಯ ನಂತರ ಆ ಭಯ ತಾನಾಗಿಯೇ ಇಳಿಯಿತು. ನಾನು ಏನೂ ತೊಳೆದಿರಲಿಲ್ಲ, ಆದರೂ ಇಳಿಯಿತು! ಸಹೋದರಿಯರೇ, ಈ ಕಾಯಿಲೆಯ ಬೀಗದ ಕೈ ಇರುವುದು ಇಲ್ಲಿಯೇ. ತೊಳೆದಾಗ ಸಿಗುವ ಸಮಾಧಾನವೇ ಮುಂದಿನ ಸಂಶಯಕ್ಕೆ ಹಾಲೆರೆಯುತ್ತದೆ. ತೊಳೆಯದೆ ಉಳಿದಾಗ ಮಾತ್ರ ಅದು ಸೊರಗುತ್ತದೆ.

ಊಟದ ವಿಷಯದಲ್ಲಿ ವೈದ್ಯೆ ದುಬಾರಿಯಾದ ಯಾವುದನ್ನೂ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಮೂರು ಊಟ, ನಮ್ಮ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೊಪ್ಪು, ಶೇಂಗಾ ಚಟ್ನಿ, ಮೊಸರು, ದಿನಕ್ಕೊಂದು ಮೊಟ್ಟೆ, ಸಿಕ್ಕಾಗ ಹಿನ್ನೀರಿನ ಮೀನು. ಬಿ12 ಸಿಗುವುದು ಮೊಟ್ಟೆ, ಹಾಲು, ಮೀನು, ಮಾಂಸದಿಂದಲೇ. ಚಹಾ ಎರಡು ಲೋಟಕ್ಕೆ ಇಳಿಯಿತು. ಊಟದ ಜೊತೆ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ, ಸಂಜೆಯ ನಂತರ ಕುಡಿದರೆ ನಿದ್ದೆ ಕೆಡುತ್ತದೆ. ಇದರ ಜೊತೆಗೆ ಕಬ್ಬಿಣ ಮತ್ತು ಬಿ12 ಮಾತ್ರೆಗಳು.

ನನ್ನ ಪಾಲಿಗೆ ಊಟದ ತಟ್ಟೆಯೇ ಚಿಕಿತ್ಸೆಯ ಸ್ಥಳವೂ ಆಯಿತು. ಮನೋವೈದ್ಯೆ ಪಟ್ಟಿಯಲ್ಲಿದ್ದ ರೊಟ್ಟಿಯನ್ನೇ ಕಸರತ್ತಾಗಿ ಕೊಟ್ಟರು. ಅತ್ತೆ ಬಡಿದ ರೊಟ್ಟಿಯನ್ನು ಅವರ ಕೈಯಿಂದಲೇ ತೆಗೆದುಕೊಂಡು ಅಲ್ಲೇ ತಿನ್ನಬೇಕು. ಮೊದಲ ದಿನ ಕಾಲು ರೊಟ್ಟಿ, ಒಂದು ವಾರದಲ್ಲಿ ಅರ್ಧ, ತಿಂಗಳ ಕೊನೆಗೆ ಎರಡು ಪೂರ್ತಿ. ಒಂದೇ ತುತ್ತು ಮೈಗೂ ಶಕ್ತಿ ಕೊಟ್ಟಿತು, ಮನಸ್ಸಿನ ಭಯವನ್ನೂ ಇಳಿಸಿತು. ಅತ್ತೆಯ ಮುಖದಲ್ಲಿ ಬಹಳ ದಿನಗಳ ನಂತರ ನಗು ಕಂಡದ್ದೂ ಆಗಲೇ. ಮೊಹಲ್ಲಾದ ಹಜ್ರತರು, "ನಿನಗೆ ಒಂದೇ ವುಝೂ, ಸಂಶಯ ಬಂದರೂ ನಮಾಝ್ ಮುಂದುವರಿಸು" ಎಂದು ಧೈರ್ಯ ಕೊಟ್ಟರು. ಐದನೇ ತಿಂಗಳಲ್ಲಿ ನಾನು ಒಂದು ಚೊಂಬು ನೀರಿಗೆ ಬಂದು ನಿಂತೆ. ಸಂಶಯ ಈಗಲೂ ಬರುತ್ತದೆ. ಬಂದರೆ ಬಾಗಿಲಲ್ಲೇ ಕೂರಿಸಿ ನನ್ನ ಕೆಲಸ ಮಾಡಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ಯಾವುದೋ ಒಂದು ಆಹಾರ ಅಥವಾ ಪುಡಿ ಗೀಳು ರೋಗವನ್ನು ವಾಸಿ ಮಾಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇನೊಸಿಟಾಲ್, ಎನ್‌ಎಸಿ ಮುಂತಾದ ಪೂರಕಗಳ ಬಗ್ಗೆ ಸಣ್ಣ ಅಧ್ಯಯನಗಳು ನಡೆದಿವೆ, ಫಲಿತಾಂಶ ಒಂದೇ ತೆರನಾಗಿಲ್ಲ. ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಂಥವು ಅವಲ್ಲ. ಇದು ತಿನ್ನಬಾರದು, ಅದು ಮುಟ್ಟಬಾರದು ಎಂಬ ಕಠಿಣ ಪಥ್ಯ ನಮ್ಮಂಥವರಿಗೆ ಇನ್ನೊಂದು ಗೀಳೇ ಆಗಬಹುದು. ರಮಝಾನಿನ ಉಪವಾಸಕ್ಕೆ ಮುಂಚೆ ಮಾತ್ರೆಯ ಹೊತ್ತನ್ನು ಸಹರಿಗೋ ಇಫ್ತಾರಿಗೋ ಬದಲಿಸುವ ಬಗ್ಗೆ ವೈದ್ಯರ ಬಳಿ ಮಾತಾಡಿ.

ಮನೆಯವರಿಗೂ ಒಂದು ಮಾತು. "ತೊಳೆದೆನಾ? ಪಾಕ್ ಆಯಿತಾ?" ಎಂದು ರೋಗಿ ಕೇಳಿದಾಗಲೆಲ್ಲ "ಆಯಿತು" ಎಂದು ಉತ್ತರಿಸುತ್ತಾ ಹೋದರೆ ಕಾಯಿಲೆ ಬೆಳೆಯುತ್ತದೆ. ಬೈದರೂ ಬೆಳೆಯುತ್ತದೆ. "ಇದು ನಿನ್ನ ಕಾಯಿಲೆಯ ಪ್ರಶ್ನೆ, ಬಾ, ಊಟ ಮಾಡೋಣ" ಎಂದು ನಮ್ಮ ಅತ್ತೆ ಹೇಳಲು ಕಲಿತರು. ಅಷ್ಟು ಸಾಕು.

ಮಾನಸಿಕ ಚಿಕಿತ್ಸೆ ಎಂದರೆ ದೊಡ್ಡ ನಗರದವರ ಮಾತು ಎನ್ನುವವರು ಒಂದು ವಿಷಯ ತಿಳಿಯಬೇಕು. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪ್ರಯೋಗಕ್ಕೆ ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಆರಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯನ್ನೇ. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2021ರಲ್ಲಿ ನಮ್ಮ ತಾಲೂಕು ವಿಜಯನಗರ ಜಿಲ್ಲೆಗೆ ಸೇರಿತು, ಆದರೆ ಆ ಹೆಮ್ಮೆ ನಮ್ಮದೂ ಹೌದು. ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. 2022ರಿಂದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ಬಚ್ಚಲಿನಲ್ಲಿ ಹೊತ್ತು ಕಳೆಯುತ್ತಿದ್ದರೆ ಅವಳ ಕೈಬೆರಳುಗಳನ್ನೊಮ್ಮೆ ನೋಡಿ, ಅವಳು ಏನು ಉಂಡಳೆಂದು ಕೇಳಿ. ಆಮೇಲೆ ಅವಳ ಜೊತೆ ಬಸ್ಸು ಹತ್ತಿ ವೈದ್ಯರ ಬಳಿಗೆ ಹೋಗಿ. ರೋಗವನ್ನು ಕೊಟ್ಟ ಅಲ್ಲಾಹನು ಅದಕ್ಕೆ ಮದ್ದನ್ನೂ ಇಳಿಸಿದ್ದಾನೆ. ಹುಡುಕಿ ಹೋಗಬೇಕಾದವರು ನಾವು.