ಒಗೆಯುವ ಯಂತ್ರದ ಪಾಠಾಂತರಗಳು

ಕಾಲನಿರ್ಣಯವೆಂಬುದು ಹಸ್ತಪ್ರತಿಗಳ ನಡುವೆ ಬೆಳೆದ ನನ್ನಂಥ ಕನ್ನಡ ಅಧ್ಯಾಪಕರಿಗೆ ಬಿಡದ ಚಟ. ಓಲೆಗರಿಯ ಕಟ್ಟೊಂದು ಕೈಗೆ ಬಂದರೆ ಕಾವ್ಯವನ್ನು ಓದುವುದಕ್ಕೆ ಮೊದಲೇ ಕೊನೆಯ ಗರಿಯನ್ನು ತಿರುವಿ, ಲಿಪಿಕಾರನ ಹೆಸರು, ಸಂವತ್ಸರ, ತಿಥಿಗಳೇನಾದರೂ ಇವೆಯೇ ಎಂದು ಹುಡುಕುತ್ತೇವೆ. ಈ ಅಭ್ಯಾಸವು ಮುಂದೊಂದು ದಿನ ನನ್ನನ್ನು ಬಟ್ಟೆ ಒಗೆಯುವ ಯಂತ್ರದ ಮುಂದೆ ಮಂಡಿಯೂರಿಸೀತೆಂದು ಎಣಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಅಯೋವಾ ರಾಜ್ಯಕ್ಕೆ ಹೋಗಿದ್ದೆ. ಅವಳ ನೆರೆಮನೆಯಲ್ಲಿದ್ದ ನಿವೃತ್ತ ರೈತರೊಬ್ಬರು ಹಳೆಯ ಒಗೆಯುವ ಯಂತ್ರಗಳ ಸಂಗ್ರಾಹಕರು. ಅವರ ಕಣಜದಂಥ ಮರದ ಕೊಟ್ಟಿಗೆಯಲ್ಲಿ ಮೂವತ್ತಕ್ಕೂ ಹೆಚ್ಚು ಯಂತ್ರಗಳಿದ್ದವು. ಈ ಹವ್ಯಾಸ ಆ ನೆಲಕ್ಕೆ ಸಹಜವಾದುದೇ. ಮೇಟ್ಯಾಗ್ ಯಂತ್ರಗಳ ತವರಾದ ನ್ಯೂಟನ್ ಅಲ್ಲಿಗೆ ದೂರವಲ್ಲ. 1893ರಲ್ಲಿ ಬೇಸಾಯದ ಉಪಕರಣಗಳನ್ನು ತಯಾರಿಸಲು ಹುಟ್ಟಿದ ಆ ಕಂಪನಿ 1907ರಲ್ಲಿ ಕೈಯಿಂದ ತಿರುಗಿಸುವ ಮರದ ತೊಟ್ಟಿಯ ಯಂತ್ರವೊಂದನ್ನು ಹೊರತಂದಿತು. 1922ರಲ್ಲಿ, ಬಟ್ಟೆಯನ್ನು ಕಲಕುವ ರೆಕ್ಕೆಯನ್ನು ಮುಚ್ಚಳದಿಂದ ಇಳಿಬಿಡುವ ಬದಲು ತೊಟ್ಟಿಯ ತಳದಲ್ಲಿ ಕೂರಿಸಿದ ಮಾದರಿ ಬಂದ ಮೇಲೆ ಆ ಹೆಸರು ದೇಶದ ಮೂಲೆಮೂಲೆಗೂ ತಲುಪಿತು. ಕೊಲೊರಾಡೊ ರಾಜ್ಯದ ಈಟನ್ ಎಂಬ ಊರಿನಲ್ಲಿ ಲೀ ಮ್ಯಾಕ್ಸ್‌ವೆಲ್ ಎಂಬ ನಿವೃತ್ತ ಪ್ರಾಧ್ಯಾಪಕರು ಸಾವಿರಕ್ಕೂ ಹೆಚ್ಚು ಯಂತ್ರಗಳನ್ನು ಕೂಡಿಸಿ ಸಂಗ್ರಹಾಲಯವನ್ನೇ ಕಟ್ಟಿದ ಸಂಗತಿಯನ್ನು ನಮ್ಮ ನೆರೆಯವರು ಭಕ್ತಿಯಿಂದ ಹೇಳುತ್ತಿದ್ದರು.

ಅವರು ನನಗೆ ಯಂತ್ರಗಳನ್ನು ಓದಲು ಕಲಿಸಿದರು. ತಾಮ್ರದ ತೊಟ್ಟಿಯೊಳಗೆ ಬಟ್ಟಲನ್ನು ಬೋರಲು ಹಾಕಿದಂಥ ಲೋಟಗಳು ಮೇಲೆ ಕೆಳಗೆ ಆಡುವಂತಿದ್ದರೆ ಅದು ಬಹುಶಃ ಸಿರಾಕ್ಯೂಸ್ ನಗರದ ಈಸಿ ಕಂಪನಿಯದು. ಎರಕದ ಅಲ್ಯೂಮಿನಿಯಂನ ಚೌಕ ತೊಟ್ಟಿ ಕಂಡರೆ ಮೊದಲು ಮೇಟ್ಯಾಗ್ ಹೆಸರನ್ನು ನೆನೆಯಬೇಕು. ಹೆಸರಿನ ಫಲಕವಿದ್ದರೆ ಅದರಲ್ಲಿರುವ ಪೇಟೆಂಟ್ ಸಂಖ್ಯೆಗಳನ್ನು ಗಮನಿಸಬೇಕು. ಅಮೆರಿಕದ ಪೇಟೆಂಟ್ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿದ್ದು 1911ರಲ್ಲಿ, ಇಪ್ಪತ್ತು ಲಕ್ಷವನ್ನು ಮುಟ್ಟಿದ್ದು 1935ರಲ್ಲಿ. ಯುದ್ಧದ ಕಾರಣ 1942ರಲ್ಲಿ ಮನೆಬಳಕೆಯ ಒಗೆಯುವ ಯಂತ್ರಗಳ ತಯಾರಿಕೆ ನಿಂತುಹೋದುದರಿಂದ, ಅದರ ಮರುವರ್ಷದ ಯಂತ್ರವೆಂದು ಯಾರಾದರೂ ಮಾರಲು ಬಂದರೆ ನಂಬಬಾರದು.

ಇಷ್ಟನ್ನು ಕಲಿತ ಹುರುಪಿನಲ್ಲಿ ಒಂದು ಚೌಕ ತೊಟ್ಟಿಯ ಮುಂದೆ ಕುಳಿತು ಫಲಕವನ್ನು ಒರೆಸಿ ಓದಿದೆ. ಸಂಖ್ಯೆಗಳೆಲ್ಲವೂ ಹತ್ತು ಲಕ್ಷದಾಚೆ, ಇಪ್ಪತ್ತು ಲಕ್ಷದೀಚೆ. “ಇದು 1935ಕ್ಕಿಂತ ಹಿಂದಿನದು” ಎಂದು ಘೋಷಿಸಿದೆ. ಅವರು ನಕ್ಕು, “ಪೇಟೆಂಟ್ ಹಳೆಯದು. ಯಂತ್ರವೂ ಹಳೆಯದೆಂದು ಫಲಕ ಎಲ್ಲಿ ಹೇಳಿತು?” ಎಂದು ಕೇಳಿದರು. ತಯಾರಿಕೆಯ ಕ್ರಮಸಂಖ್ಯೆಯನ್ನು ತಮ್ಮ ಪಟ್ಟಿಯೊಡನೆ ಹೋಲಿಸಿ ಅದು ಮೂವತ್ತರ ದಶಕದ ಕೊನೆಯದೆಂದು ತೋರಿಸಿದರು. ನನಗೆ ನಾಚಿಕೆಯಾಯಿತು. ಕೃತಿಯ ಕಾಲ ಬೇರೆ, ಪ್ರತಿಯ ಕಾಲ ಬೇರೆ ಎಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದವನು ನಾನು. ಹತ್ತನೆಯ ಶತಮಾನದ ಕಾವ್ಯ ಹದಿನೆಂಟನೆಯ ಶತಮಾನದ ಗರಿಯ ಮೇಲಿರಬಹುದೆಂಬ ಆ ಪಾಠ ಲೋಹದ ಮುಂದೆ ನೆನಪಾಗಲಿಲ್ಲ.

ಆ ಯಂತ್ರದಲ್ಲಿ ಇನ್ನೊಂದು ತೊಡಕಿತ್ತು. ಅದಕ್ಕೆ ವಿದ್ಯುತ್ ಮೋಟಾರು ಜೋಡಿಸಿತ್ತು. ಆದರೆ ತೊಟ್ಟಿಯ ತಳದಲ್ಲಿ ಎಣ್ಣೆಯ ಮಸಿ ದಪ್ಪಗೆ ಮೆತ್ತಿಕೊಂಡಿತ್ತು. ಮೂವತ್ತರ ದಶಕದ ನಡುಭಾಗದಲ್ಲಿ ಅಲ್ಲಿಯ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಉಳಿದವರಿಗಾಗಿ ಮೇಟ್ಯಾಗ್‌ನವರು ತೊಟ್ಟಿಯ ಕೆಳಗೆ ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿ ಕೊಡುತ್ತಿದ್ದರು. ಗೃಹಿಣಿಯು ಕಾಲಿನಿಂದ ಒದ್ದು ಅದನ್ನು ಚಾಲೂ ಮಾಡಿ, ಹೊಗೆಯ ಕೊಳವೆಯನ್ನು ಬಾಗಿಲಾಚೆ ಬಿಡಬೇಕು. 1936ರಲ್ಲಿ ಗ್ರಾಮೀಣ ವಿದ್ಯುದೀಕರಣದ ಕಾಯಿದೆ ಬಂದು ಹೊಲಗಳಿಗೆ ತಂತಿ ಹರಿಯತೊಡಗಿದಂತೆ ಅನೇಕರು ಎಂಜಿನ್ ಕಳಚಿ ಮೋಟಾರು ಹಾಕಿಸಿಕೊಂಡರು. ನಮ್ಮ ನೆರೆಯವರು ಆ ಮೋಟಾರನ್ನು ತೆಗೆದೊಗೆದು, ಅದೇ ಕಾಲದ ಎಂಜಿನ್ ಕೂರಿಸಿ ಯಂತ್ರವನ್ನು ‘ಮೂಲ’ಕ್ಕೆ ಮರಳಿಸಲು ಹೊರಟಿದ್ದರು. ಬಟ್ಟೆ ಹಿಂಡುವ ಜೋಡಿ ರಬ್ಬರ್ ಉರುಳೆಗಳ ಮೇಲೆ, ಬೆರಳು ಸಿಕ್ಕಿಕೊಂಡಾಗ ತಟ್ಟಿ ಬಿಡಿಸಿಕೊಳ್ಳಲೆಂದು ಇರುವ ಹಿಡಿಗೆ ಯಾರೋ ಕೆಂಪು ಹೂವಿನ ಬಟ್ಟೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದರು. ಅದನ್ನೂ ಕತ್ತರಿಸಲು ಅವರು ಚಾಕು ಕೈಗೆತ್ತಿಕೊಂಡರು.

ನಾನು ತಡೆದೆ. ತಡೆದ ಮೇಲೆ ಕಾರಣ ಹೇಳಬೇಕಾಯಿತು. ಮೋಟಾರು ತಯಾರಕನ ಪಾಠವಲ್ಲ, ಪ್ರಕ್ಷೇಪವೇ ಸರಿ. ಆದರೆ ಪ್ರಕ್ಷೇಪವೂ ಒಬ್ಬ ಓದುಗನ ಕೈಯದು. ಆ ಮನೆಗೆ ವಿದ್ಯುತ್ ಬಂದ ದಿನ ಆ ಮೋಟಾರಿನಲ್ಲಿದೆ. ಆ ಬಟ್ಟೆಯ ಪಟ್ಟಿಯನ್ನು ಕಟ್ಟಿದವಳಿಗೆ ಒಮ್ಮೆ ಬೆರಳು ಸಿಕ್ಕಿದ್ದಿರಬಹುದು, ಅಥವಾ ಬಳಿಯಲ್ಲಿ ಮಗುವೊಂದು ಆಡುತ್ತಿದ್ದಿರಬಹುದು. ಅವಸರದಲ್ಲಿ ಕಣ್ಣಿಗೆ ಬೀಳಲೆಂದು ಕೆಂಪನ್ನು ಆರಿಸಿಕೊಂಡಳೋ ಏನೋ. ಫಲಕದಲ್ಲಿ ಕಂಪನಿಯ ಹೆಸರಿದೆ, ಪೇಟೆಂಟ್ ಇದೆ. ಬಟ್ಟೆ ಒಗೆದವಳ ಗುರುತು ಅದೊಂದೇ.

ಹೇಳುತ್ತಿದ್ದಂತೆ ನನ್ನ ಧ್ವನಿ ಏಕೋ ಗದ್ಗದವಾಯಿತು. ಅವರು ಬೆರಗಾಗಿ ನೋಡಿದರು. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮವ್ವ ನಲವತ್ತು ವರ್ಷ ಹಿತ್ತಿಲಿನ ಕಲ್ಲಿನ ಮೇಲೆ ಬಟ್ಟೆ ಒಗೆದವಳು. ನಾನು ಕೆಲಸಕ್ಕೆ ಸೇರಿದ ಮೇಲೆ ಕಂತಿನಲ್ಲಿ ಒಂದು ಯಂತ್ರ ತಂದೆ. ಮೊದಲ ಆರು ತಿಂಗಳು ಅವಳು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಟೆಲಿಫೋನ್ ಇಟ್ಟಳು. ಆಮೇಲೊಂದು ಮಳೆಗಾಲದಲ್ಲಿ ತಾನೇ ಚಾಲೂ ಮಾಡಿದಳು. ಗುಂಡಿಯ ಸುತ್ತ ಬರೆದಿದ್ದ ಇಂಗ್ಲಿಷ್ ಅವಳಿಗೆ ಓದಲು ಬರುತ್ತಿರಲಿಲ್ಲ. ತಂಗಿಯ ಉಗುರುಬಣ್ಣ ತೆಗೆದುಕೊಂಡು ಎರಡು ಕಡೆ ಚುಕ್ಕೆ ಇಟ್ಟುಕೊಂಡಿದ್ದಳು: ಸೀರೆಗೊಂದು, ಹಾಸಿಗೆಗೊಂದು. ಅವ್ವ ತೀರಿಕೊಂಡ ಎರಡನೆಯ ವರ್ಷ ಮನೆ ಬದಲಿಸುವಾಗ ಆ ಯಂತ್ರವನ್ನು ಗುಜರಿಯವನಿಗೆ ಕೊಟ್ಟೆ. ಮುನ್ನೂರು ರೂಪಾಯಿ ಬಂದಿತ್ತು. ಅದರ ಮಾದರಿ ಯಾವುದು, ಯಾವ ವರ್ಷದ್ದು, ಒಂದೂ ನೆನಪಿಲ್ಲ. ಲಿಪಿಯ ತಲೆಕಟ್ಟನ್ನು ನೋಡಿ ಶಾಸನದ ಶತಮಾನ ಹೇಳಬಲ್ಲೆನೆಂಬ ಹೆಮ್ಮೆ ನನಗೆ. ಅವ್ವ ಬರೆದಿಟ್ಟ ಎರಡು ಕೆಂಪು ಚುಕ್ಕೆಗಳ ಕಡೆಗೆ ಅಂದು ನಾನು ತಿರುಗಿಯೂ ನೋಡಿರಲಿಲ್ಲ.

ನೆರೆಯವರು ಎರಡು ದಿನ ಮಾತಾಡದೆ ಯೋಚಿಸಿದರು. ಮೂರನೆಯ ದಿನ ಎಂಜಿನ್ ಕೂರಿಸಿಯೇಬಿಟ್ಟರು. ಅದು ಅವರ ಯಂತ್ರ, ಅವರ ನಿರ್ಧಾರ. ಆದರೆ ಕಳಚಿದ ಮೋಟಾರನ್ನು ಎಸೆಯದೆ ಪೆಟ್ಟಿಗೆಯಲ್ಲಿಟ್ಟು, ಅದು ಯಾವ ಯಂತ್ರದಲ್ಲಿ ಹೇಗೆ ಸಿಕ್ಕಿತೆಂದು ಚೀಟಿ ಬರೆದು ಅಂಟಿಸಿದರು. ಪಾಠಾಂತರಗಳನ್ನು ಅಡಿಟಿಪ್ಪಣಿಗೆ ಸೇರಿಸುವ ಸಂಪಾದಕನ ಕ್ರಮವೇ ಅದು. ಕೆಂಪು ಬಟ್ಟೆಯ ಪಟ್ಟಿಯನ್ನು ಮಾತ್ರ ಇದ್ದಲ್ಲಿಯೇ ಬಿಟ್ಟರು. ನಾನು ಊರಿಗೆ ಹೊರಡುವ ಹಿಂದಿನ ಸಂಜೆ ಎಂಜಿನನ್ನು ಒದ್ದು ಚಾಲೂ ಮಾಡಿ ತೋರಿಸಿದರು. ಕೊಟ್ಟಿಗೆಯೆಲ್ಲ ಹೊಗೆಯಾಗಿ ನಾವಿಬ್ಬರೂ ಕೆಮ್ಮುತ್ತ ಹೊರಗೆ ಬಂದೆವು. ಇಂಥ ಹೊಗೆಯ ಪಕ್ಕದಲ್ಲಿ ನಿಂತು ಒಂದು ಸಂಸಾರದ ಬಟ್ಟೆ ಒಗೆದವಳ ಹೆಸರು ಗೊತ್ತೇ ಎಂದು ಕೇಳಿದೆ. ಹರಾಜಿನಲ್ಲಿ ಕೊಂಡದ್ದೆಂದೂ, ಹೆಸರು ಕೇಳಬೇಕೆಂದು ಆಗ ತೋಚಲಿಲ್ಲವೆಂದೂ ಅವರು ಹೇಳಿದರು. ನಾನು ಸುಮ್ಮನಾದೆ. ಆ ಮಾತಿಗೆ ಆಕ್ಷೇಪ ಹೇಳುವ ಯೋಗ್ಯತೆ ನನಗಿರಲಿಲ್ಲ.