ಪೊಲೀಸರ ಮಾತು, ಜ್ಯೂರಿಯ ಕಿವಿ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತದೆ ಗಾದೆ. ನೋಡುತ್ತ ಕೂತವರ ಗತಿಯೇನೆಂದು ಅದು ಹೇಳುವುದಿಲ್ಲ. ಆಗ ಟೀವಿ ಇರಲಿಲ್ಲವಲ್ಲ! ಕಪ್ಪು ಜನಾಂಗದ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಮೇಲಿನ ಜೋಡಿ ಕೊಲೆ ಮೊಕದ್ದಮೆ ಲಾಸ್ ಏಂಜಲೀಸಿನಿಂದ ನೇರ ಪ್ರಸಾರವಾದಾಗ ಇಡೀ ಅಮೆರಿಕ ತಿಂಗಳುಗಟ್ಟಲೆ ಮನೆಯಲ್ಲೇ ಕೂತು ವಕೀಲಿಕೆ ಮಾಡಿತು. 1995ರ ಅಕ್ಟೋಬರ್ 3ರಂದು ಜ್ಯೂರಿ ಅವನನ್ನು ನಿರ್ದೋಷಿ ಎಂದಿತು. ಕಪ್ಪು ಜನರಲ್ಲಿ ಬಹಳ ಮಂದಿ ಕುಣಿದರು, ಬಿಳಿಯರಲ್ಲಿ ಬಹಳ ಮಂದಿ ಬಾಯಿಯ ಮೇಲೆ ಕೈಯಿಟ್ಟರು.

ಜ್ಯೂರಿಯ 12 ಮಂದಿಯಲ್ಲಿ 9 ಮಂದಿ ಕಪ್ಪು ಜನಾಂಗದವರು, ನಮ್ಮವನೆಂದು ಬಿಟ್ಟರು ಎಂದು ತೀರ್ಪಿನ ಮೇಲೆ ತೀರ್ಪು ಕೊಟ್ಟವರಿಗೇನೂ ಬರವಿರಲಿಲ್ಲ. ಬಣ್ಣ ಬೇಗ ಕಣ್ಣಿಗೆ ಬೀಳುತ್ತದೆ, ನೆನಪು ಬೀಳುವುದಿಲ್ಲ. 1991ರಲ್ಲಿ ಅದೇ ಊರಿನ ಪೊಲೀಸರು ಕಪ್ಪು ಜನಾಂಗದ ರಾಡ್ನಿ ಕಿಂಗ್‌ನನ್ನು ಲಾಠಿಯಿಂದ ಬಡಿದದ್ದನ್ನು ವಿಡಿಯೊದಲ್ಲಿ ಲೋಕವೇ ಕಂಡಿತ್ತು. ಆ ಪೊಲೀಸರ ವಿಚಾರಣೆ ಊರಾಚೆಯ ಸಿಮಿ ವ್ಯಾಲಿಗೆ ವರ್ಗವಾಯಿತು. ಅಲ್ಲಿನ ಜ್ಯೂರಿಯಲ್ಲಿ 10 ಮಂದಿ ಬಿಳಿಯರು. 1992ರ ಏಪ್ರಿಲ್‌ನಲ್ಲಿ ಅವರು ನಾಲ್ವರು ಪೊಲೀಸರಲ್ಲಿ ಒಬ್ಬನನ್ನೂ ಅಪರಾಧಿ ಎನ್ನಲಿಲ್ಲ. ಊರು ಹೊತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಪೊಲೀಸರನ್ನು ನಂಬದವರಿಗೆ ಪೂರ್ವಗ್ರಹಪೀಡಿತರೆಂಬ ಬಿರುದು ಸಿಗುತ್ತದೆ. ಕಣ್ಣಾರೆ ಕಂಡಮೇಲೂ ನಂಬುವವರಿಗೆ ಯಾವ ಬಿರುದೂ ಇಲ್ಲ.

ರಕ್ತ ಮೆತ್ತಿದ ಕೈಗವಸು ಸಿಂಪ್ಸನ್ ಮನೆಯ ಆವರಣದಲ್ಲಿ ಸಿಕ್ಕಿತೆಂದವನು ಪೊಲೀಸ್ ಪತ್ತೇದಾರ ಮಾರ್ಕ್ ಫರ್ಮನ್. ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಪದವನ್ನು ಹತ್ತು ವರ್ಷಗಳಿಂದ ಆಡಿಯೇ ಇಲ್ಲವೆಂದು ಈತ ಪ್ರಮಾಣ ಮಾಡಿದ. ಆಮೇಲೆ ಚಿತ್ರಕಥೆ ಬರೆಯುವ ಮಹಿಳೆಯೊಬ್ಬರ ಮುಂದೆ ಅವನು ಅದೇ ಪದ ಬಳಸಿ ಕೊಚ್ಚಿಕೊಂಡಿದ್ದ ಟೇಪುಗಳು ಹೊರಬಂದವು. ನ್ಯಾಯಾಧೀಶರು ಜ್ಯೂರಿಗೆ ಕೇಳಿಸಿದ್ದು ಎರಡೇ ತುಣುಕು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು. ತಜ್ಞರು ವಾರಗಟ್ಟಲೆ ಬಿಡಿಸಿ ಹೇಳಿದ್ದ ಡಿಎನ್‌ಎ ಪುರಾವೆಗೂ ಆ ಅನುಮಾನ ಅಂಟದೆ ಇದ್ದೀತೇ?

ಹಾಗೆ ನೋಡಿದರೆ ನಮ್ಮಲ್ಲೂ ಪೊಲೀಸರ ಮೇಲಿನ ಅನುಮಾನ ಕಾನೂನಿನಲ್ಲೇ ಕೂತಿದೆ. ಅವರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಒಪ್ಪಬಾರದೆಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತು. 2023ರ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಆ ಕಟ್ಟೆಚ್ಚರ ಬರೆದವರು ಬ್ರಿಟಿಷರೇ. ತಾವು ಸಾಕಿದ ಪೊಲೀಸರ ಗುಣ ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು!

ಅನುಮಾನಕ್ಕೆ ಬೆಲೆ ತೆತ್ತವರು ಯಾರು? ಸುಳ್ಳು ಸಾಕ್ಷ್ಯದ ಆರೋಪಕ್ಕೆ ತಕರಾರಿಲ್ಲವೆಂದ ಫರ್ಮನ್ 1996ರಲ್ಲಿ ದಂಡ ಕಟ್ಟಿ ಮನೆಗೆ ಹೋದ. ಕೊಲೆಯಾದ ಇಬ್ಬರ ಮನೆಯವರು ಸಿವಿಲ್ ಕೋರ್ಟಿಗೆ ಅಲೆದು, 1997ರಲ್ಲಿ ಸಿಂಪ್ಸನ್ ಹೊಣೆಯೆಂಬ ತೀರ್ಪು ಪಡೆದರು. ಸುಳ್ಳಾಡುವ ಪೊಲೀಸ್ ನಿರಪರಾಧಿಗೆ ಎಷ್ಟು ಅಪಾಯವೋ ಅಪರಾಧಿಗೆ ಅಷ್ಟೇ ಉಪಕಾರಿ.